ಬಲಗಡೆಯ ಸೀಟು

ಬಂದರಿನಿಂದ ಫೋನು ಬಂದ ದಿನ ಸೂಗಮ್ಮನ ಮನೆಯಲ್ಲಿ ಅಡುಗೆಮನೆಯೇ ಇರಲಿಲ್ಲ. ನಾಗರಪಂಚಮಿ ಮುಗಿಯುತ್ತಿದ್ದಂತೆ ಸೊಸೆ ಸುನಂದಾ ಸೆರಗು ಸಿಕ್ಕಿಸಿ ನಿಂತು ಹಳೆಯ ಗೋಡೆ ಕೆಡವಿಸಿದ್ದಳು. ಹೊಸ ಗೋಡೆ ಏಳುವ ಮೊದಲೇ ಅವಳ ಗಂಡ ಚನ್ನವೀರ ಅದಕ್ಕೆಂದು ಎತ್ತಿಟ್ಟಿದ್ದ ದುಡ್ಡನ್ನು ಬಾಚಿಕೊಂಡು ದುಬೈನಿಂದ ಗಾಡಿ ತರಿಸಲು ಕಟ್ಟಿಬಿಟ್ಟ. ಹಾಗಾಗಿ ರಾಯಚೂರಿನ ಆ ಮನೆಯವರು ದೀಪಾವಳಿಯನ್ನೂ ಹಿಂದಿನ ಪಡಸಾಲೆಯಲ್ಲೇ, ಒಂದು ಗ್ಯಾಸ್ ಒಲೆ, ಎರಡು ಮರದ ಮಣೆಗಳ ಮೇಲೆ ಮಾಡಿ ಮುಗಿಸಿದ್ದರು.

ಚನ್ನವೀರ ರೊಟ್ಟಿ ಮುರಿಯುವುದು ಬಿಟ್ಟು, ಎಡಗೈಯಲ್ಲಿ ಫೋನು ಕಿವಿಗಿಟ್ಟುಕೊಂಡ. ಮೊದಲು "ಹೇಳ್ರಿ" ಎಂದ. ಆಮೇಲೆ "ಹೌದ್ರಿ, ಎಡಕ್ಕ್ರಿ" ಎಂದ. ಆಮೇಲೆ ಏನೂ ಅನ್ನಲಿಲ್ಲ. ಫೋನು ಕೆಳಗಿಟ್ಟು ತಾಟಿನಲ್ಲಿದ್ದ ಪುಂಡಿಪಲ್ಯವನ್ನು ಎಂದೂ ಕಾಣದವನಂತೆ ನೋಡುತ್ತ ಕೂತ.

"ಏನಾತೋ?" ಎಂದು ಕೇಳಿದವನು ಅಪ್ಪ ಮಲ್ಲಯ್ಯ. ಅವನಿಗೆ ಈಗ ಮುಖಗಳು ಸರಿಯಾಗಿ ಕಾಣುತ್ತಿರಲಿಲ್ಲ. ಮೌನ ಮಾತ್ರ ಚೆನ್ನಾಗಿ ಕೇಳುತ್ತಿತ್ತು.

"ಚೆನ್ನೈದಾಗ ಗಾಡಿ ತಡದಾರಪಾ. ಸ್ಟೇರಿಂಗು ಎಡಕ್ಕ ಅದ ಅಂತ."

"ಎಡಕ್ಕ ಇದ್ರ ಏನಾತು?" ಎಂದು ಮಲ್ಲಯ್ಯ ನಿಜವಾಗಿಯೂ ತಿಳಿಯದೆ ಕೇಳಿದ.

ಅವನು ಹಾಗೆ ಕೇಳಿದ್ದರಲ್ಲಿ ತಪ್ಪೇನೂ ಇಲ್ಲ. ಇಡೀ ದೇಶದಲ್ಲಿ ಗಾಡಿಯ ಸ್ಟೇರಿಂಗು ಬಲಕ್ಕಿದ್ದರೆ ಆ ಒಂದು ಮನೆಯಲ್ಲಿ ಮಾತ್ರ ಎಡಕ್ಕಿತ್ತು. ಅದೇ ಸರಿ ಎಂದು ನಂಬಿ ಒಂದು ಸಂಸಾರ ಬೆಳೆದಿತ್ತು. ಅಲ್ಲಿ ಸೊಸೆಯಾಗಿ ಬಂದ ಸುನಂದಾ ಒಬ್ಬಳೇ ಹೊರಗಿನವಳು.

"ಊರ ಮಂದಿ ಗಾಡಿ ಎಲ್ಲಾ ಬಲಕ್ಕ ಇರ್ತಾವ. ಅಷ್ಟೂ ತಿಳಿಲಿಲ್ಲೇನ್ರಿ ನಿಮಗ?" ಎಂದಳು ಅವಳು, ಹಂಚಿನ ಮೇಲಿನ ರೊಟ್ಟಿ ತಿರುವಿ ಹಾಕುತ್ತ. "ನನ ಒಲಿ ಪಡಸಾಲಿಗೆ ತಂದು ಹಚ್ಚಿದ್ರಿ. ಆ ಗಾಡಿಯರ ಬರ್ತದ ಅಂದ್ರ ಅದೂ ಸಮುದ್ರದ ದಂಡಿ ಮ್ಯಾಲೆ ಕುಂತದ."

ಕಾನೂನು ಓದುತ್ತಿದ್ದ ಮೊಮ್ಮಗಳು ಕಾವ್ಯಾ ಆಗಲೇ ಫೋನಿನಲ್ಲಿ ಹುಡುಕಿ ತೆಗೆದಿದ್ದಳು. ಹೊರದೇಶದಿಂದ ತರುವ ಗಾಡಿಗೆ ಸ್ಟೇರಿಂಗು ಬಲಕ್ಕೇ ಇರಬೇಕು. ದೀಪದ ಬೆಳಕು ನಮ್ಮ ರಸ್ತೆಗೆ ಹೊಂದುವ ಹಾಗೆ ಬೀಳಬೇಕು. ವೇಗ ತೋರಿಸುವ ಮೀಟರು ಕಿಲೋಮೀಟರಿನಲ್ಲೇ ಇರಬೇಕು. ಗಾಡಿ ರಸ್ತೆಗೆ ತಕ್ಕದ್ದು ಎಂದು ತಪಾಸಣೆ ಮಾಡಿದ ಪ್ರಮಾಣಪತ್ರವೂ ಬೇಕು.

"ಬಲಕ್ಕ ಹಾಕಸಿದ್ರ ಮುಗೀತು. ಗಾಡಿ ಮೇಸ್ತ್ರಿ ಮೀರಾಹುಸೇನಗ ಹೇಳ್ರಿ, ಎರಡು ದಿನದಾಗ ಕೂಡಸ್ತಾನ" ಎಂದ ಮಲ್ಲಯ್ಯ.

"ಬಂದ ಮ್ಯಾಲೆ ಬದಲಿ ಮಾಡಾಕ ಬರಂಗಿಲ್ಲಂತ ತಾತ. ಬರೋ ಮುಂದನ ಬಲಕ್ಕ ಇರಬೇಕು."

ಸೂಗಮ್ಮ ಎದ್ದು ಮಗನ ತಾಟಿಗೆ ಮಜ್ಜಿಗೆ ಬಡಿಸಿದಳು. ಬಂದರಿನಲ್ಲಿ ನಿಂತದ್ದು ಬರೀ ಮಗನ ಗಾಡಿಯಲ್ಲ, ಈ ವರ್ಷದ ಎಳ್ಳಮವಾಸ್ಯೆಗೆ ಗಂಡನನ್ನು ಹೊಲಕ್ಕೆ ಕರೆದೊಯ್ಯುವ ದಾರಿಯೂ ಅಲ್ಲೇ ನಿಂತಿತು ಎಂದು ಅವಳಿಗೆ ಗೊತ್ತಿತ್ತು.

ಹೊಲ ಇರುವುದು ದೇವದುರ್ಗದ ಕಡೆ, ಅರಕೇರಾದ ಗುಡ್ಡದ ಬುಡದಲ್ಲಿ. ಸೂಗಮ್ಮನ ತವರಿನಿಂದ ಬಂದದ್ದು. ಮಾನ್ವಿಯ ಕಾಲುವೆ ನೀರು ಕುಡಿದ ಗದ್ದೆಗಳ ಮುಂದೆ ಅದು ಬಡಪಾಯಿ. ಬಿಳಿಜೋಳ, ಕಡಲೆ, ದಂಡೆಗೆ ನಾಲ್ಕು ಸಾಲು ಕುಸುಬೆ, ಅಷ್ಟೇ. ಊರು ದಾಟಿದ ಮೇಲೆ ರಸ್ತೆ ಎಂಬುದು ಇಲ್ಲ. ಒಂದು ಹಳ್ಳ, ಅದರ ಆಚೆ ಆನೆಯಷ್ಟು ದೊಡ್ಡ ಕಲ್ಲುಗಳು, ಕಲ್ಲುಗಳ ನಡುವೆ ಬಂಡಿ ಜಾಡು. ಆದರೂ ಎಳ್ಳಮವಾಸ್ಯೆಗೆ ಚರಗ ಚೆಲ್ಲಲು ಮನೆಯವರು ಹೋಗುತ್ತಿದ್ದದ್ದು ಅಲ್ಲಿಗೇ. ಮಾಡಿದ ಅಡುಗೆಯನ್ನೆಲ್ಲ ಕಲಸಿ ಬೆಳೆದು ನಿಂತ ಪೈರಿಗೆ ಎರಚಿ, ಭೂಮಿತಾಯಿಗೆ ಉಣ್ಣಿಸಿ, ಆಮೇಲೆ ತಾವು ಉಣ್ಣುವ ಹಬ್ಬ ಅದು. ಮನೆಯ ಹಳೆಯ ಜೀಪು ಓಡುವುದು ನಿಂತ ಮೇಲೆ ಮಲ್ಲಯ್ಯ ಒಮ್ಮೆ ಟ್ರ್ಯಾಕ್ಟರಿನಲ್ಲಿ ಹೋಗಿ ನೋಡಿದ. ಬಂದವನು ಸೊಂಟ ಹಿಡಿದುಕೊಂಡು ವಾರಗಟ್ಟಲೆ ಮಲಗಿದ. ಅಂದಿನಿಂದ ಚನ್ನವೀರನೊಬ್ಬನೇ ಹೋಗಿ ಬರುತ್ತಿದ್ದ.

ಈ ವರ್ಷ ಶ್ರಾವಣಕ್ಕೆ ಮೊದಲು ಕಣ್ಣಿನ ಡಾಕ್ಟರು ಮಲ್ಲಯ್ಯನ ಕಣ್ಣಿಗೆ ಬೆಳಕು ಬಿಟ್ಟು ನೋಡಿ, ನರ ಒಣಗುತ್ತಿದೆ, ಹೋದದ್ದು ಹೋಯಿತು, ಇರುವುದನ್ನು ಔಷಧಿ ಹಾಕಿ ಆದಷ್ಟು ದಿನ ಉಳಿಸಿಕೊಳ್ಳೋಣ ಎಂದಿದ್ದರು. ಮನೆಗೆ ಬಂದ ಮಲ್ಲಯ್ಯ ರೋಗದ ಸುದ್ದಿಯನ್ನೇ ತೆಗೆಯಲಿಲ್ಲ. ಚಹಾ ಕುಡಿದು ಲೋಟ ಕೆಳಗಿಡುತ್ತ, "ಈ ಸಲ ಚರಗಕ್ಕ ನಾನೂ ಬರ್ತೀನಿ" ಎಂದ. ಮಾರನೆಯ ದಿನವೇ ಚನ್ನವೀರ ದುಬೈನಲ್ಲಿದ್ದ, ಮೀರಾಹುಸೇನನ ಮಗ ಮುಷರ್ರಫ್‌ಗೆ ಫೋನು ಹಚ್ಚಿದ್ದ. ಕೇಳಿದವರಿಗೆ ಮಾತ್ರ, "ರಾಯಚೂರಾಗ ಪರದೇಶಿ ಗಾಡಿ ಅಂಗಡಿ ತಗೀತೀನಿ, ಇದು ಮೊದಲನೇದು" ಎಂದು ದೊಡ್ಡ ದೊಡ್ಡ ಮಾತಾಡುತ್ತಿದ್ದ. ಕಲ್ಲು ಹತ್ತುವ ಗಾಡಿಗಳು ನಮ್ಮಲ್ಲೇ ಸಿಗುತ್ತವಲ್ಲ ಎಂದವರನ್ನು ಎಳೆಮಕ್ಕಳನ್ನು ನೋಡಿದಂತೆ ನೋಡಿ ನಗುತ್ತಿದ್ದ. ಮೆತ್ತನೆಯ ಮಾತು ಆ ಮನೆಯ ಗಂಡಸರ ಬಾಯಲ್ಲಿ ಬರುವುದೇ ಕಡಿಮೆ.

ಹಳೆಯ ಗಾಡಿಯ ಹೆಸರು ಎಡಚಿ. ಮಲ್ಲಯ್ಯ ಮಾನ್ವಿಯಲ್ಲಿ ಅಕ್ಕಿ ಗಿರಣಿ ಹಾಕಿದ ಹೊಸದರಲ್ಲಿ, ಕೊಳವೆಬಾವಿ ಕೊರೆಯಲು ಬಂದಿದ್ದ ಯಾವುದೋ ಪರದೇಶದ ತಂಡದವರು ಊರಿಗೆ ಹೊರಡುವಾಗ ತಮ್ಮ ಜೀಪು ಬಿಟ್ಟು ಹೋದರು. ರಾಯಚೂರಿನಲ್ಲಿ ಅದು ಹರಾಜಿಗೆ ಬಂತು. ಸ್ಟೇರಿಂಗು ಎಡಕ್ಕಿದೆ ಎಂದು ಯಾರೂ ಮುಂದೆ ಬರಲಿಲ್ಲ. ಮಲ್ಲಯ್ಯನಿಗೆ ಅಗ್ಗಕ್ಕೆ ಸಿಕ್ಕಿತು. ಯಾಕೆ ಅಗ್ಗ ಎಂಬುದು ಗೊತ್ತಾದದ್ದು ಮೊದಲ ಸಲ ಲಾರಿಯ ಹಿಂದೆ ಸಿಕ್ಕಿಕೊಂಡಾಗ. ರಸ್ತೆಯ ಎಡಗಡೆ ಹೋಗುವ ಗಾಡಿಯಲ್ಲಿ ಎಡಗಡೆಯೇ ಕೂತವನಿಗೆ ಎದುರಿನಿಂದ ಬರುವುದು ಏನೂ ಕಾಣದು. ಲಾರಿಯ ಬೆನ್ನೊಂದೇ ಕಾಣುತ್ತದೆ. ಲಾರಿ ದಾಟಬೇಕೆಂದರೆ ಬಲಗಡೆ ಕೂತು ತಲೆ ಹೊರಗೆ ಹಾಕಿ ನೋಡಿ ಹೇಳುವವರು ಒಬ್ಬರು ಬೇಕೇ ಬೇಕು. ಗಿರಣಿಯ ಗುಮಾಸ್ತ ಹನುಮಂತ್ರಾಯನನ್ನು ಕೂರಿಸಿ ನೋಡಿದ. ಅವನು ಗಾಳಿ ಬಡಿದರೆ ಸಾಕು, ನಿದ್ದೆ ಹೋಗುತ್ತಿದ್ದ.

ಆಗ ಮಲ್ಲಯ್ಯ ಮದುವೆಯಾಗಿ ವರ್ಷವೂ ತುಂಬದ ಹೆಂಡತಿಯನ್ನು ಕೂರಿಸಿದ. ಅವನ ತಾಯಿ ಬಾಗಿಲಲ್ಲಿ ಅಡ್ಡ ನಿಂತಳು.

"ಗಂಡನ ಜೋಡಿ ಮುಂದ ಕುಂತು ಊರಾಗ ಹೋಗೋದು ಯಾವ ಪದ್ಧತಿಯೋ?"

"ಇಕಿ ಕುಂದರಲಿಲ್ಲಂದ್ರ ನಾ ಲಾರಿ ಬಾಯಾಗ ಹೋಗ್ತೀನಿ. ನೋಡವಾ, ಯಾವುದು ಬೇಕು ನಿನಗ?"

ತಾಯಿ ಬಾಗಿಲು ಬಿಟ್ಟಳು. ಸೂಗಮ್ಮನ ಓರಗೆಯ ಹೆಂಗಸರು ಬೀದಿಯನ್ನು ಬಾಗಿಲ ಸಂದಿಯಿಂದ ನೋಡುತ್ತಿದ್ದ ಕಾಲದಲ್ಲಿ ಅವಳು ಸೆರಗನ್ನು ಕಿವಿಗೆ ಬಿಗಿಯಾಗಿ ಸುತ್ತಿಕೊಂಡು ಸಿರವಾರದ ಸಂತೆ, ಲಿಂಗಸುಗೂರಿನ ಹಾದಿ, ದೇವದುರ್ಗದ ಘಾಟು, ಕೃಷ್ಣೆಯ ದಂಡೆ ಎಲ್ಲ ನೋಡಿದಳು. ಆದರೆ ಬಾಯಿಬಿಟ್ಟು ಮಾತಾಡುವಂತಿರಲಿಲ್ಲ. ಮಾತಿಗೆ ಬಿದ್ದರೆ ಕಣ್ಣು ತಪ್ಪುತ್ತದೆ ಎಂದು ಮಲ್ಲಯ್ಯ ಕಟ್ಟುನಿಟ್ಟು ಮಾಡಿದ್ದ. ಅವಳ ಪಾಲಿಗೆ ಇದ್ದದ್ದು ಎರಡೇ ಮಾತು. ದಾರಿ ಬಯಲಿದ್ದರೆ "ಹೊಂಡ್ರಿ." ಇಲ್ಲದಿದ್ದರೆ "ತಡೀರಿ." ಆ ಎರಡು ಮಾತಿನ ಮೇಲೆ ಅವನು ಕಣ್ಣುಮುಚ್ಚಿ ನಂಬಿಕೆ ಇಟ್ಟಿದ್ದ. ಮನೆಯಲ್ಲಿ ಉಪ್ಪು ಹೆಚ್ಚಾಯಿತು ಎಂದು ತಾಟು ಸರಿಸುತ್ತಿದ್ದ ಗಂಡಸು ರಸ್ತೆಗೆ ಬಂದರೆ ಅವಳ ಬಾಯನ್ನೇ ಕಾಯುತ್ತಿದ್ದ. ಅದು ಸೂಗಮ್ಮನಿಗೆ ಹೇಳಲಾರದಷ್ಟು ಹಿತವಾಗಿತ್ತು. ಹಾಗೆಂದು ಅವಳು ಯಾರಿಗೂ ಹೇಳಿಕೊಂಡವಳಲ್ಲ.

ಒಮ್ಮೆ ಮಾತ್ರ, ತವರಿನವರ ಬಗ್ಗೆ ಅವನು ಏನೋ ಅಂದನೆಂದು ಮುನಿದು, ದಾರಿಯುದ್ದಕ್ಕೂ ಬಾಯಿ ಹೊಲಿದುಕೊಂಡು ಕೂತಳು. ಕಲ್ಲೂರಿನ ಹತ್ತಿರ ಹುಲ್ಲು ಹೇರಿದ ಲಾರಿಯೊಂದು ಮುಂದೆ ಸಿಕ್ಕಿತು. ಅವಳು ಹೇಳಲಿಲ್ಲ, ಅವನು ಕೇಳಲಿಲ್ಲ. ಹುಲ್ಲಿನ ಧೂಳು ಕುಡಿಯುತ್ತ ರಾಯಚೂರು ಮುಟ್ಟುವ ತನಕ ಆ ಲಾರಿಯ ಹಿಂದೆಯೇ ಬಂದರು. ಹಿಂದಿನ ಸೀಟಿನಲ್ಲಿದ್ದ ಚನ್ನವೀರ ಆಗ ಸಣ್ಣವನು. ಊರು ಬಂದಾಗ ಅವನ ತಲೆಯೆಲ್ಲ ಹುಲ್ಲಿನ ಕಡ್ಡಿ. ಈಗಲೂ ಆ ಮಾತು ತೆಗೆದರೆ ಮೂವರೂ ನಗುತ್ತಾರೆ.

ಗಾಡಿ ಬಂದರಿನಲ್ಲಿ ನಿಂತ ಮೇಲೆ ಮನೆಯಲ್ಲಿ ನಗುವೇ ಇರಲಿಲ್ಲ. ವಾರ ಕಳೆಯಿತು, ಇನ್ನೊಂದು ವಾರ ಕಳೆಯಿತು. ಬೆಳಿಗ್ಗೆ ಎದ್ದರೆ ಬಂದರಿನ ಏಜೆಂಟನ ಫೋನು, ಸಂಜೆಯಾದರೆ ಸುನಂದಾಳ ಬಾಯಿ. ಕಡೆಗೆ ಏಜೆಂಟ ಕೈ ಚೆಲ್ಲಿದ. ಬಂದ ದಾರಿಯಲ್ಲೇ ವಾಪಸು ಕಳಿಸದೆ ಬೇರೆ ಹಾದಿಯಿಲ್ಲ ಎಂದ. ಹೋಗಿ ಬಂದ ಬಾಡಿಗೆ, ನಿಂತ ಬಾಡಿಗೆ ಎಲ್ಲ ಮೈಮೇಲೆ.

ಅಂದು ಮಧ್ಯಾಹ್ನದ ಊಟಕ್ಕೆ ಕೂತಾಗ ಕಾವ್ಯಾ ತನಗೆ ಬಗೆಹರಿಯದ ಒಂದು ಸಂಗತಿ ಕೇಳಿದಳು.

"ಅಪ್ಪಾ, ದುಬೈದಾಗ ಹೊರಗ ಕಳಸಾಕಂತನ ಬಲಗಡೆ ಸ್ಟೇರಿಂಗಿನ ಗಾಡಿನೂ ಮಾರ್ತಾರಂತ. ಮುಷರ್ರಫ್ ಕಾಕಾ ನಿನಗ ಯಾವುದು ಬೇಕಂತ ಕೇಳಲಿಲ್ಲೇನು?"

"ಕೇಳಿದ್ದ."

"ಮತ್ತ?"

"ಎಡಕ್ಕ ಇರೋದ ಕಳಸು ಅಂದೆ."

ಸುನಂದಾಳ ಕೈಯಲ್ಲಿದ್ದ ಸೌಟು ಗಡಿಗೆಯ ಕಂಠಕ್ಕೆ ಬಡಿಯಿತು. "ಕೇಳಿದ ಮ್ಯಾಲೂ? ಬಾಯಿಲೆ ಎಡಕ್ಕ ಅಂದ್ರಿ? ಯಾಕ್ರಿ, ಬಲಕ್ಕ ಇದ್ರ ಏನಾಗ್ತಿತ್ತು ನಿಮಗ?"

ಚನ್ನವೀರ ತಲೆ ಎತ್ತದೆ ಅನ್ನ ಕಲಸುತ್ತಲೇ ಇದ್ದ. ಮೀಸೆ ಬೆಳ್ಳಗಾದ ಗಂಡಸು ತಪ್ಪು ಮಾಡಿ ಸಿಕ್ಕಿಬಿದ್ದ ಹುಡುಗನಂತೆ ಕಂಡ.

"ಬಲಕ್ಕ ಸ್ಟೇರಿಂಗ ಇದ್ರ ಯವ್ವ ಎಲ್ಲಿ ಕುಂದರಬೇಕು?" ಎಂದ.

ಪಡಸಾಲೆಯ ತಗಡಿನ ಮೇಲೆ ಪಾರಿವಾಳ ಓಡಾಡಿದ್ದು ಕೇಳಿಸಿತು. ಸುನಂದಾ ಸ್ವಲ್ಪ ಹೊತ್ತಿಗೆ ಎದ್ದು ಬಂದು ಗಂಡನ ಅನ್ನದ ಮೇಲೆ ತುಪ್ಪ ಹಾಕಿ ಹೋದಳು. ಸೂಗಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು. ಒಲೆಯ ಹೊಗೆ ಎಂದು ಹೇಳೋಣವೆಂದರೆ ಅದು ಗ್ಯಾಸಿನ ಒಲೆ.

ಗಾಡಿ ವಾಪಸು ಹೋಯಿತು. ಚನ್ನವೀರನಿಗೆ ಗಾಡಿ ಎಂಬ ಹೆಸರೇ ಬೇಡವಾಯಿತು. ಕಾರ್ತಿಕ ಮುಗಿಯುವ ಹೊತ್ತಿಗೆ ಒಂದು ಮಾತು ತೆಗೆದ. ಎಡಚಿಯ ನೋಂದಣಿ ಮುಗಿದು ಎಷ್ಟೋ ವರ್ಷವಾಯಿತು, ಗಿರಣಿಯ ಹಿಂದೆ ತಾಡಪತ್ರಿ ಹೊದ್ದು ನಿಂತಿದೆ, ರಸ್ತೆಗೆ ತಂದರೆ ಪೊಲೀಸರು ಹಿಡಿಯುತ್ತಾರೆ, ಗುಜರಿಯವನು ಸೋಮವಾರ ಬರುತ್ತೇನೆಂದಿದ್ದಾನೆ.

"ಕೊಟ್ಟುಬಿಡು" ಎಂದ ಮಲ್ಲಯ್ಯ. "ಕಣ್ಣಿಲ್ಲದವಗ ಗಾಡಿ ಯಾಕ? ಸುನಂದಾನ ಗ್ವಾಡಿಗಾದ್ರೂ ಆಗ್ತದ."

ಅವನು ಹಾಗೆಂದದ್ದು ಮಗನ ಮೇಲಿನ ಮರುಕಕ್ಕೆ ಎಂದು ಸೂಗಮ್ಮನಿಗೆ ತಿಳಿಯಿತು. ಆದರೂ ಅವಳ ಮೈ ಉರಿಯಿತು. ಅವರೆಕಾಯಿ ಸುಲಿಯುತ್ತಿದ್ದವಳು ಮೊರ ಪಕ್ಕಕ್ಕಿಟ್ಟಳು.

"ಯಾರನ್ನ ಕೇಳಿ ಕೊಡ್ತೀರಿ?"

"ಯಾರನ್ನ ಕೇಳಬೇಕು? ಗಾಡಿ ನಂದಲ್ಲೇನು?"

"ಎಡಕಿನ ಸೀಟು ನಿಮ್ಮದು. ಬಲಕಿಂದು ನಂದು. ನಿಮ್ಮದಷ್ಟು ಕೊಯ್ದು ಕೊಡ್ರಿ."

ಮಲ್ಲಯ್ಯ ದನಿ ಬಂದ ಕಡೆ ಮುಖ ತಿರುಗಿಸಿದ. ರಸ್ತೆಯ ಮೇಲೆ ಎರಡೇ ಮಾತಾಡುತ್ತಿದ್ದ ಹೆಂಡತಿ ಮನೆಯೊಳಗೆ ಇಷ್ಟು ಮಾತಾಡಿದ್ದನ್ನು ಅವನು ಕೇಳಿಯೇ ಇರಲಿಲ್ಲ.

"ಏ, ಅದು ಹಳೇ ತಗಡು" ಎಂದ, ಸ್ವಲ್ಪ ಮೆಲ್ಲಗೆ.

"ನಾವೇನು ಹೊಸಾ ತಗಡೇನ್ರಿ? ನಿಮಗ ಇನ್ನ ನಾಕು ದಿನ ಕಣ್ಣು ಕಾಣ್ತದ ಅಂತ ಡಾಕ್ಟರ ಹೇಳ್ಯಾರ. ಆ ನಾಕು ದಿನದಾಗ ಒಂದು ದಿನ ನಾ ನಿಮ್ಮ ಜೋಡಿ ಎಡಚ್ಯಾಗ ಕುಂತು ನನ ಹೊಲಕ್ಕ ಹೋಗಬೇಕು. ಅದಾದ ಮ್ಯಾಲೆ ಗುಜರಿಗರ ಹಾಕ್ರಿ, ಗಂಗಾಳರ ಮಾಡಸ್ರಿ, ನಾ ಕೇಳಂಗಿಲ್ಲ."

ಕಾವ್ಯಾ ಮೊದಲು ನಕ್ಕಳು, ಆಮೇಲೆ ಅಜ್ಜಿಯ ಮುಖ ನೋಡಿ ನಗು ನುಂಗಿದಳು. ಫೋನು ಹಿಡಿದು ಮೂಲೆಗೆ ಹೋದವಳು ಸಂಜೆಯ ಚಹಾದ ಹೊತ್ತಿಗೆ ಎದ್ದು ಬಂದಳು.

"ಅಜ್ಜಿ, ಹೊರಗಿಂದ ತರಾಕ ಬರಂಗಿಲ್ಲ, ಖರೇ. ಆದ್ರ ಮೊದಲಿಂದ ಇಲ್ಲೇ ಇರೋ ಎಡಗಡೆ ಗಾಡಿ ಓಡಸಬಾರದು ಅಂತ ಇಲ್ಲ. ಸನ್ನೆ ತೋರಸೋ ಸಾಧನ ಇರಬೇಕು, ಅದು ಕೆಲಸ ಮಾಡಬೇಕು, ಅಷ್ಟ ಕಾಯ್ದೆದಾಗ ಅದ. ಗಾಡಿ ತಪಾಸಣಿ ಮಾಡಿಸಿ, ದಂಡ ಕಟ್ಟಿದ್ರ ನೋಂದಣಿ ಮತ್ತ ಮಾಡಿ ಕೊಡ್ತಾರ."

"ಸಾಧನ ಮೊದಲಿಂದ ಅದಲ್ಲ, ನಿಮ್ಮಜ್ಜಿ" ಎಂದ ಮಲ್ಲಯ್ಯ.

ಗುಜರಿಯವನಿಗೆ ಬರಬೇಡವೆಂದು ಹೇಳಿದವನು ಚನ್ನವೀರನೇ.

ಮಾನ್ವಿಯ ಗಿರಣಿಯಲ್ಲಿ ತಾಡಪತ್ರಿ ಸರಿಸಿದಾಗ ಎಡಚಿಯ ಹಿಂದಿನ ಸೀಟಿನಲ್ಲಿ ಕೋಳಿಯೊಂದು ಮೊಟ್ಟೆಗೆ ಕೂತಿತ್ತು. ಮೇಸ್ತ್ರಿ ಮೀರಾಹುಸೇನ, ದುಬೈಯ ಮುಷರ್ರಫ್‌ನ ಅಪ್ಪ, ಮಲ್ಲಯ್ಯನ ಓರಗೆಯವನು. ಕೋಳಿಯನ್ನು ಎತ್ತಿ ಬುಟ್ಟಿಯಲ್ಲಿಟ್ಟು ಬಾನೆಟ್ ತೆಗೆದ.

"ನನ ಮಗ ತಪ್ಪು ಕಳಿಸ್ಯಾನ ಅಂತ ನನ್ನ ಮ್ಯಾಲೆ ಸಿಟ್ಟದೇನು ಸಾವ್ಕಾರ?"

"ನಿನ ಮಗ ಕೇಳಿದ್ದು ಖರೇ ಅದ. ನನ ಮಗ ಹೇಳಿದ್ದು ತಪ್ಪು" ಎಂದ ಮಲ್ಲಯ್ಯ.

"ಹೇಳಿದ್ದೂ ತಪ್ಪಲ್ಲ ಬಿಡ್ರಿ" ಎಂದ ಮೀರಾಹುಸೇನ, ಗಿರಣಿಯ ಮೆಟ್ಟಿಲ ಮೇಲೆ ಬುತ್ತಿ ಬಿಚ್ಚುತ್ತಿದ್ದ ಸೂಗಮ್ಮನ ಕಡೆ ನೋಡಿ.

ಆ ವಾರಗಳು ಸೂಗಮ್ಮನಿಗೆ ಹಬ್ಬದಂತಿದ್ದವು. ಎರಡು ದಿನಕ್ಕೊಮ್ಮೆ ರೊಟ್ಟಿ ಕಟ್ಟಿಕೊಂಡು ಗಂಡನ ಜೊತೆ ಬಸ್ಸಿನಲ್ಲಿ ಮಾನ್ವಿಗೆ ಬರುವಳು. ಗಿರಣಿಯ ಭತ್ತದ ವಾಸನೆ, ತೌಡಿನ ಧೂಳು, ಬೆಲ್ಟಿನ ಸದ್ದು ಎಲ್ಲ ಹಾಗೇ ಇದ್ದವು. ಮಲ್ಲಯ್ಯ ಜೀಪಿನ ಸುತ್ತ ಕೈಯಾಡಿಸುತ್ತ, ಇಲ್ಲಿ ಬಡಿದದ್ದು ಸಿರವಾರದ ಎತ್ತು, ಇಲ್ಲಿ ಗೀರಿದ್ದು ದೇವದುರ್ಗದ ಬಸ್ಸು ಎಂದು ಒಂದೊಂದು ತಗ್ಗನ್ನೂ ಬೆರಳಿನಿಂದಲೇ ಗುರುತಿಸುತ್ತಿದ್ದ. ಮೊದಮೊದಲು ದೂರ ನಿಂತು ಫೋನು ತೀಡುತ್ತಿದ್ದ ಚನ್ನವೀರ ಒಂದು ದಿನ ಬೋಲ್ಟು ಬಿಗಿಯುವ ಪಾನಾ ಹಿಡಿದ, ಇನ್ನೊಂದು ದಿನ ಗಾಡಿಯ ಕೆಳಗೇ ಮಲಗಿದ. ಹೊಸ ಬ್ರೇಕು ಬಂತು. ತಗ್ಗು ತಿದ್ದಿದಲ್ಲೆಲ್ಲ ಬಣ್ಣ ಬಂತು. ತಿರುಗುವಾಗ ಮಿಣುಕುವ ದೀಪ ಬಂತು. ಬಲಗಡೆ ಉದ್ದ ಕಡ್ಡಿಯ ಕನ್ನಡಿ ಬಂತು. ಸುನಂದಾ ಹಟ ಹಿಡಿದದ್ದಕ್ಕೆ ಎಲ್ಲ ಸೀಟಿಗೂ ಬೆಲ್ಟು ಬಂತು.

ಬೆಲ್ಟಿನ ಜೊತೆ ಮಾತ್ರ ಸೂಗಮ್ಮನಿಗೆ ಹೊಂದಿಕೆಯಾಗಲಿಲ್ಲ. ನೋಡಲೆಂದು ದಡಕ್ಕನೆ ಹೊರಗೆ ಬಾಗಿದರೆ ಅದು ಹಿಡಿದು ಹಿಂದಕ್ಕೆ ಎಳೆಯುತ್ತಿತ್ತು. ಮೆಲ್ಲಗೆ ಬಾಗಿದರೆ ಬಿಡುತ್ತಿತ್ತು.

"ನಮ್ಮತ್ತಿನೂ ಹಿಂಗ ಇದ್ರು" ಎಂದಳು. ಸುನಂದಾ ನಕ್ಕದ್ದು ಬಹಳ ದಿನಗಳ ಮೇಲೆ ಅಂದೇ.

ರಾಯಚೂರಿನ ಸಾರಿಗೆ ಕಚೇರಿಯ ಮೈದಾನದಲ್ಲಿ ತಪಾಸಣೆ. ಇನ್ಸ್‌ಪೆಕ್ಟರು ಇನ್ನೂ ಎಳೆಯ ವಯಸ್ಸಿನವರು. ಎಡಚಿಯನ್ನು ಸುತ್ತು ಹಾಕಿ ದೀಪ ನೋಡಿದರು, ಹಾರ್ನು ಒತ್ತಿದರು, ಬ್ರೇಕು ತುಳಿದರು. ಆಮೇಲೆ ತಾವೇ ಓಡಿಸಿ ನೋಡುತ್ತೇನೆಂದು ಎಡಗಡೆ ಹತ್ತಿ ಕೂತರು. ಬಲಗಡೆ ಸೂಗಮ್ಮ ಇದ್ದಳು.

"ಅಮ್ಮಾರ, ಸ್ವಲ್ಪ ಇಳೀರಿ."

ಸೂಗಮ್ಮ ಬೆಲ್ಟಿನ ಗುಂಡಿ ಹಿಸುಕಿದಳು, ಎಳೆದಳು, ಮತ್ತೆ ಹಿಸುಕಿದಳು. ಬಿಡಲಿಲ್ಲ. ಹೊಸ ಬೆಲ್ಟು, ಬಿಗಿ ಕೊಂಡಿ. ಹಿಂದೆ ಸಾಲಿನಲ್ಲಿದ್ದ ಲಾರಿಗಳು ಹಾರ್ನು ಹೊಡೆಯತೊಡಗಿದವು. ಕಡೆಗೆ ಇನ್ಸ್‌ಪೆಕ್ಟರು, "ಇರಲಿ ಕುಂದರ್ರಿ" ಎಂದು ಅವಳನ್ನು ಕೂರಿಸಿಕೊಂಡೇ ರಸ್ತೆಗೆ ಇಳಿದರು.

ಮುಂದೆ ಒಂದು ಬಸ್ಸು ಸಿಕ್ಕಿತು. ಇನ್ಸ್‌ಪೆಕ್ಟರು ಕುತ್ತಿಗೆ ಉದ್ದ ಮಾಡಿದರು, ಏನೂ ಕಾಣಲಿಲ್ಲ. ಆದರೂ ಸ್ಟೇರಿಂಗು ಬಲಕ್ಕೆ ಎಳೆದರು.

"ತಡೀರಿ" ಎಂದಳು ಸೂಗಮ್ಮ.

ದನಿ ಜೋರಾಗಿರಲಿಲ್ಲ. ಆದರೆ ಅದರಲ್ಲಿ ಏನಿತ್ತೋ, ಇನ್ಸ್‌ಪೆಕ್ಟರ ಕಾಲು ತಾನಾಗಿ ಬ್ರೇಕಿಗೆ ಹೋಯಿತು. ಬಸ್ಸಿನ ಮರೆಯಿಂದ ಟಿಪ್ಪರೊಂದು ಗಾಳಿ ಬಡಿದು ಹೋಯಿತು. ಸೂಗಮ್ಮ ಮೆಲ್ಲಗೆ ಬಾಗಿ ನೋಡಿದಳು.

"ಈಗ ಹೊಂಡ್ರಿ ಸಾಹೇಬ್ರ."

ಮೈದಾನಕ್ಕೆ ಮರಳಿದ ಇನ್ಸ್‌ಪೆಕ್ಟರು ಬೆಲ್ಟಿನ ಕೊಂಡಿ ಸಡಿಲ ಮಾಡಿಸಿ ಎಂದು ಬರೆದರು. ಉಳಿದದ್ದಕ್ಕೆಲ್ಲ ಸಹಿ ಹಾಕಿದರು.

"ಇದನ್ನ ಓಡಸೋರು ಯಾರು ಯಜಮಾನ್ರ? ನೀವಂತೂ ಓಡಸೋ ಹಂಗಿಲ್ಲ" ಎಂದು ಮಲ್ಲಯ್ಯನ ಕಣ್ಣು ನೋಡಿ ಕೇಳಿದರು.

ಎಡಚಿಯ ಕೀಲಿಯನ್ನು ಮಲ್ಲಯ್ಯ ಉಡಿದಾರಕ್ಕೆ ಕಟ್ಟಿಕೊಂಡಿರುತ್ತಿದ್ದ. ಮಗನಿಗೆ ಗಿರಣಿ ಕೊಟ್ಟಿದ್ದ, ಮನೆಯ ವ್ಯವಹಾರ ಕೊಟ್ಟಿದ್ದ, ಈ ಕೀಲಿ ಮಾತ್ರ ಎಂದೂ ಕೊಟ್ಟಿರಲಿಲ್ಲ. ಅಂದು ಬೆಳಿಗ್ಗೆ ಗಾಡಿ ಹೊರಡಿಸಲೆಂದು ಬಿಚ್ಚಿಕೊಟ್ಟಾಗಲೂ, "ತಪಾಸಣಿ ಮುಗಿದ ಮ್ಯಾಲೆ ವಾಪಸ್ ಕೊಡು" ಎಂದೇ ಕೊಟ್ಟಿದ್ದ. ಈಗ ಚನ್ನವೀರ ಗಾಡಿಯಿಂದ ಕೀಲಿ ತೆಗೆದು ಅಪ್ಪನ ಕೈಗೆ ಕೊಟ್ಟ. ಮಲ್ಲಯ್ಯ ಅದನ್ನು ಹೆಬ್ಬೆರಳಿನಿಂದ ಸವರಿ, ಮತ್ತೆ ಮಗನ ಅಂಗೈಯಲ್ಲೇ ಇಟ್ಟು ಬೆರಳು ಮಡಿಸಿದ.

"ನನ ಮಗ ಓಡಸ್ತಾನ್ರಿ" ಎಂದ.

ಎಳ್ಳಮವಾಸ್ಯೆಯ ದಿನ ಸುನಂದಾ ನಸುಕಿನಲ್ಲೇ ಎದ್ದು ಅದೇ ಪಡಸಾಲೆಯಲ್ಲಿ ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಎಣಗಾಯಿ, ಭಜ್ಜಿ, ಶೇಂಗಾ ಹಿಂಡಿ, ಕಡಬು ಎಲ್ಲ ಮಾಡಿ ಬುಟ್ಟಿಗೆ ತುಂಬಿದಳು. ಹೊಸ ಅಡುಗೆಮನೆಯ ಗೋಡೆ ಎದೆಯೆತ್ತರಕ್ಕೆ ಬಂದಿತ್ತು. "ಪರದೇಶಿ ಅಂಗಡಿ ಬ್ಯಾಡಾತು, ಈಗ ಗ್ವಾಡಿ ಮುಗಸಪಾ" ಎಂದು ಮಲ್ಲಯ್ಯ ಹೇಳಿದ ಮೇಲೆ ಚನ್ನವೀರ ತಲೆಯಾಡಿಸಿದ್ದ. ಸುನಂದಾ ಮತ್ತು ಕಾವ್ಯಾ ಹಿಂದೆ ಕೂತರು. ಮಲ್ಲಯ್ಯ ಸೂಗಮ್ಮನ ಬೆನ್ನಿಗೇ ಕೂತು ಅವಳ ಸೀಟಿನ ಕಂಬಿ ಹಿಡಿದುಕೊಂಡ. ಸೂಗಮ್ಮ ಬಲಗಡೆ ಕೂತು ಸೆರಗನ್ನು ಕಿವಿಗೆ ಬಿಗಿಯಾಗಿ ಸುತ್ತಿಕೊಂಡಳು.

ಸಿರವಾರ ದಾಟಿದ ಮೇಲೆ ಭತ್ತದ ಲಾರಿಯೊಂದು ಸಿಕ್ಕಿತು. ಚನ್ನವೀರ ಹಿಂದೆಯೇ ನಿಧಾನ ಮಾಡಿದ. ಎಷ್ಟೋ ವರ್ಷ ಹಿಂದಿನ ಸೀಟಿನಿಂದ ನೋಡಿದ್ದನ್ನು ಈಗ ತಾನು ಮಾಡಬೇಕಿತ್ತು. ಸೂಗಮ್ಮ ಬಾಗಿ ನೋಡಿ, "ಹೊಂಡು" ಎಂದಳು. ಅವನು ಹೊರಟ. ಎಡಚಿ ಲಾರಿ ದಾಟಿತು.

ಹಳ್ಳ ದಾಟುವಾಗ ಎಡಚಿ ಒಮ್ಮೆ ಕೆಮ್ಮಿತು. ಕಲ್ಲುಗಳ ನಡುವೆ ಮೈ ಕುಲುಕಿಸುತ್ತ ಏರಿತು. ಜೋಳ ಎದೆಯುದ್ದ ನಿಂತು ತೆನೆ ಕಟ್ಟುತ್ತಿತ್ತು. ಬನ್ನಿಗಿಡದ ಬುಡದಲ್ಲಿ ಐದು ಕಲ್ಲಿಟ್ಟು ಪೂಜೆ ಮಾಡಿದರು. ಚನ್ನವೀರ ಅಪ್ಪನ ಕೈ ಹಿಡಿದು ಹೊಲದ ಸುತ್ತ ನಡೆಸಿದ, ಮಲ್ಲಯ್ಯ ಚರಗ ಚೆಲ್ಲಿದ. ಒಂದು ತೆನೆಯನ್ನು ಕಣ್ಣಿನ ಹತ್ತಿರಕ್ಕೆ, ಇನ್ನೂ ಹತ್ತಿರಕ್ಕೆ ಹಿಡಿದು, "ಹಾಲ ತುಂಬ್ಯಾದ" ಎಂದ. ಎಲ್ಲರೂ ಬದುವಿನ ಮೇಲೆ ಕೂತು ಕಡಬು ತಿಂದರು. ಸೂಗಮ್ಮನಿಗೆ ಹೊಟ್ಟೆಗಿಂತ ಮೊದಲು ಎದೆ ತುಂಬಿತ್ತು.

ಮರಳುವಾಗ ಇಳಿಬಿಸಿಲು. ಡಾಂಬರು ರಸ್ತೆಗೆ ಬಂದು ಸ್ವಲ್ಪ ದೂರ ಹೋಗುವಷ್ಟರಲ್ಲಿ ಹತ್ತಿ ಹೇರಿದ ಲಾರಿಯೊಂದು ಮುಂದೆ ಬಂತು. ಎರಡೂ ಬದಿಗೆ ಉಬ್ಬಿದ ಹೇರು, ನಿಧಾನ ನಡಿಗೆ. ಅದರ ಹಿಂದೆ ಸಾಗುತ್ತಿದ್ದಾಗ ಬೆನ್ನ ಹಿಂದಿನಿಂದ ಮಲ್ಲಯ್ಯನ ದನಿ ಬಂತು.

"ಸೂಗಮ್ಮಾ, ಏನೇನು ಕಾಣಾಕತ್ತದ?"

ಅವಳಿಗೆ ಮೊದಲು ತಿಳಿಯಲಿಲ್ಲ. "ಲಾರಿ ಅದರಿ, ಹತ್ತಿದು."

"ಲಾರಿ ಬಿಡು. ಮತ್ತೇನದ?"

ಅಷ್ಟು ವರ್ಷ ಪಕ್ಕದಲ್ಲಿ ಕೂರಿಸಿಕೊಂಡು ಊರೂರು ಸುತ್ತಿದವನು ಒಮ್ಮೆಯೂ ಹಾಗೆ ಕೇಳಿರಲಿಲ್ಲ. ಕೇಳಬಾರದೆಂದಲ್ಲ, ಅವನಿಗೆ ಕಣ್ಣಿತ್ತು, ಅವಳಿಗೆ ಕೆಲಸವಿತ್ತು. ಸೂಗಮ್ಮ ರಸ್ತೆಯ ಬದಿಗೆ ಕಣ್ಣು ಹೊರಳಿಸಿದಳು.

"ಜಾಲಿ ಗಿಡದ ಮುಳ್ಳಿಗೆಲ್ಲ ಹತ್ತಿ ಸಿಕ್ಕದರಿ. ಲಾರಿ ಹೋದಲ್ಲೆಲ್ಲ ಸಿಗಿಸಿಕೋತ ಹೊಂಟದ. ಗಿಡ ಅರಳಿದಂಗ ಕಾಣಾಕತ್ತದ."

"ಹೂಂ."

"ಆ ಕಡಿ ಒಬ್ಬಾಕಿ ಕಣದಾಗ ಮೆಣಸಿನಕಾಯಿ ಹಾಕ್ಯಾಳ. ಬಿಸಲಿಗೆ ಕೆಂಡ ಹರವಿದಂಗದ. ಮಗ್ಗಲದಾಗ ಎಮ್ಮಿ ಕಟ್ಯಾಳ. ಎಮ್ಮಿ ಬೆನ್ನ ಮ್ಯಾಲೆ ಒಂದು ಬೆಳ್ಳಕ್ಕಿ ಕುಂತದ."

"ಒಂದ ಏನು?"

"ಒಂದರಿ. ಈಗ ಹಾರಿತು."

ಮಲ್ಲಯ್ಯ ಸೀಟಿನ ಕಂಬಿಯ ಮೇಲೆ ಗದ್ದ ಊರಿದ. ಅವನ ಉಸಿರು ಅವಳ ಕಿವಿಗೆ ತಾಗುತ್ತಿತ್ತು. ಕಾಲುವೆ ಬಂತು, ಅವಳು ಕಾಲುವೆ ಹೇಳಿದಳು. ನೀರಿಗೆ ಬಿದ್ದ ಸೂರ್ಯನನ್ನು ಹೇಳಿದಳು. ಸೈಕಲ್ಲಿಗೆ ಕಬ್ಬಿನ ಸೂಡು ಕಟ್ಟಿಕೊಂಡು ಹೋಗುವ ಮುದುಕನನ್ನು ಹೇಳಿದಳು. ಇಷ್ಟು ದಿನ ನೋಡಿ ನೋಡಿ ಒಳಗೇ ಇಟ್ಟುಕೊಂಡದ್ದೆಲ್ಲ ಬಾಯಿಗೆ ಬರತೊಡಗಿತು. ಹಿಂ‌ದೆ ಸುನಂದಾಳೂ ಕಾವ್ಯಾಳೂ ಸುಮ್ಮನೆ ಕೂತು ಕೇಳುತ್ತಿದ್ದರು.

ಚನ್ನವೀರ ಲಾರಿಯ ಹಿಂದೆ ಬಹಳ ಹೊತ್ತಿನಿಂದ ಬರುತ್ತಿದ್ದ. ಹತ್ತಿಯ ಎಳೆಗಳು ಹಾರಿ ಬಂದು ಅವನ ಮೀಸೆಗೆ ಅಂಟಿದ್ದವು.

"ಯವ್ವಾ, ಹೊಂಡ್ಲಾ?" ಎಂದು ಕೇಳಿದ.

ಸೂಗಮ್ಮ ಬೆಲ್ಟು ಬಿಡುವಷ್ಟು ಮೆಲ್ಲಗೆ ಹೊರಗೆ ಬಾಗಿದಳು. ಲಾರಿಯ ಆಚೆ ರಸ್ತೆ ಸಿರವಾರದ ತನಕ ಬಯಲಾಗಿ ಬಿದ್ದಿತ್ತು. ಒಂದು ಗಾಡಿಯಿಲ್ಲ, ಒಂದು ನಾಯಿಯೂ ಅಡ್ಡ ಇಲ್ಲ. ಅವಳು ಒಳಗೆ ಸರಿದು ನೆಟ್ಟಗೆ ಕೂತಳು.

"ತಡಿ" ಎಂದಳು.

ಆ ಸೀಟಿನಲ್ಲಿ ಕೂತು ಅವಳು ಹೇಳಿದ ಮೊದಲ ಸುಳ್ಳು ಅದು. ಎದುರಿನಿಂದ ಯಾವ ಸದ್ದೂ ಬರುತ್ತಿಲ್ಲವೆಂದು ಮಲ್ಲಯ್ಯನ ಕಿವಿಗೆ ಗೊತ್ತಾಗದೆ ಇರಲಿಲ್ಲ. ಅವನು ಕಂಬಿಯಿಂದ ಒಂದು ಕೈ ತೆಗೆದು ಹೆಂಡತಿಯ ಭುಜದ ಮೇಲಿಟ್ಟ.

"ಮುಂದ ಹೇಳು" ಎಂದ.